ಲೈಟು ಬಿಚ್ಚುವ ಮುನ್ನವೇ ಒಪ್ಪಿಗೆ: ದೂರದಿಂದ ಫೋಟೊ ಶೂಟ್‌ನಲ್ಲಿ ಪಾಲ್ಗೊಳ್ಳುವುದು ಹೇಗೆ?

ನಿಮ್ಮ ಉತ್ಪನ್ನದ ಫೋಟೊ ಶೂಟ್ ಮುಗಿದ ಎರಡು ದಿನಕ್ಕೆ ಚಿತ್ರಗಳು ಕೈಸೇರುತ್ತವೆ. ಬಾಟಲಿಯ ಮೇಲಿರುವುದು ಹಳೆಯ ಲೇಬಲ್, ಬ್ಯಾಗಿನ ಬಕಲ್ ಹಾಕಿದ್ದು ಉಲ್ಟಾ ಎಂಬುದು ಆಗ ಕಣ್ಣಿಗೆ ಬಿದ್ದರೆ ಏನು ಮಾಡುವುದು? ಅಷ್ಟರಲ್ಲಿ ಸೆಟ್ ಬಿಚ್ಚಿಯಾಗಿರುತ್ತದೆ, ಮಾಡೆಲ್ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಸ್ಟುಡಿಯೊ ಬಾಡಿಗೆಯಿಂದ ಹಿಡಿದು ಎಲ್ಲ ಖರ್ಚೂ ಮತ್ತೊಮ್ಮೆ. ಅದೇ ಬಕಲ್ ಅನ್ನು ಸೆಟ್ ಮೇಲೆ ಸರಿಮಾಡಲು ಅರ್ಧ ನಿಮಿಷ ಸಾಕು. ದೂರದಿಂದ ಶೂಟ್ ನೋಡುವುದರ ನಿಜವಾದ ಲಾಭ ಇದು. ಪ್ರಯಾಣದ ಖರ್ಚು ಉಳಿಯುವುದು ಅದರ ಮುಂದೆ ಸಣ್ಣದು. ಸ್ಟುಡಿಯೊಗೆ ಎಂದೂ ಬರಲಾಗದ ಡಿಸೈನರ್, ಪ್ಯಾಕೇಜಿಂಗ್ ನೋಡಿಕೊಳ್ಳುವವರು, ಲೇಬಲ್‌ನ ಒಕ್ಕಣೆ ಪರಿಶೀಲಿಸುವವರು ಕೂಡ ತಮಗೆ ಬೇಕಾದ ಹತ್ತು ನಿಮಿಷ ಬಂದು ನೋಡಿ ಹೋಗಬಹುದು.

ಆದರೆ ಬರೀ ವಿಡಿಯೊ ಕಾಲ್ ಹಚ್ಚಿ ಕೂತರೆ ಈ ಲಾಭ ಸಿಗದು.

ಮೊದಲು ಕಾಗದದ ಕೆಲಸ

ಯಾವ ಚಿತ್ರ, ಯಾವ ಕೋನ, ಎಲ್ಲಿ ಬಳಕೆ, ಯಾವ ಅಳತೆ ಎಂಬ ಪಟ್ಟಿಯನ್ನು ಮುಂಚೆಯೇ ಕಳಿಸಿ. ಬ್ಯಾನರ್‌ಗೆ 16:9, ಮೊಬೈಲ್ ಪೋಸ್ಟ್‌ಗೆ 4:5 ಬೇಕಿದ್ದರೆ ಅದೂ ಪಟ್ಟಿಯಲ್ಲಿರಲಿ. ಅಕ್ಷರ, ಲೋಗೊ ಕೂರುವ ಜಾಗ ಗೊತ್ತಿದ್ದರೆ ಲೇಔಟ್ ಅನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಫೈಲ್ ಮಾಡಿ ಕೊಡಿ. ಫೋಟೊಗ್ರಾಫರ್ ಅದನ್ನು ಚಿತ್ರದ ಮೇಲೆ ಓವರ್‌ಲೇ ಆಗಿ ಹಾಕಿಕೊಂಡೇ ತೆಗೆಯುತ್ತಾರೆ. ಉತ್ಪನ್ನದ ಎರಡು ಮೂರು ನಗ ಕಳಿಸಿ. ಸಾಗಣೆಯಲ್ಲಿ ಒಂದಕ್ಕೆ ಗೀರು ಬಿದ್ದೇ ಬೀಳುತ್ತದೆ ಎಂದುಕೊಳ್ಳುವುದು ಒಳ್ಳೆಯದು. ಇನ್ನೊಂದು ನಗ ನಿಮ್ಮ ಮೇಜಿನ ಮೇಲೂ ಇರಲಿ, ಬಣ್ಣ ಹೋಲಿಸಲು ಬೇಕಾಗುತ್ತದೆ.

ಅಂತಿಮ ಒಪ್ಪಿಗೆ ಕೊಡುವವರು ಒಬ್ಬರೇ ಇರಬೇಕು. ಐದು ಜನ ಐದು ಮಾತು ಹೇಳಿದರೆ ಸೆಟ್‌ನಲ್ಲಿರುವವರು ಯಾರ ಮಾತು ಕೇಳಬೇಕು? ಉಳಿದವರು ಅಭಿಪ್ರಾಯವನ್ನು ಅವರಿಗೆ ತಿಳಿಸಲಿ, ಫೋಟೊಗ್ರಾಫರ್ ಕಿವಿಗೆ ಒಂದೇ ದನಿ ಬೀಳಲಿ.

ಮಾತಿಗೊಂದು ದಾರಿ, ಚಿತ್ರಕ್ಕೊಂದು ದಾರಿ

ಇಡೀ ವ್ಯವಸ್ಥೆಯ ಜೀವಾಳ ಇಲ್ಲಿದೆ. ಸ್ಟುಡಿಯೊದಲ್ಲಿ ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸುತ್ತಾರೆ, ಇದಕ್ಕೆ ಟೆದರಿಂಗ್ ಎನ್ನುತ್ತಾರೆ. ಕ್ಲಿಕ್ಕಿಸಿದ ಚಿತ್ರ ಕೆಲವೇ ಸೆಕೆಂಡಿನಲ್ಲಿ ಪರದೆಗೆ ಬರುತ್ತದೆ. ಅಲ್ಲಿಂದ ನಿಮಗೆ ತಲುಪಿಸಲು ಎರಡು ಬಗೆ: ವಿಡಿಯೊ ಕಾಲ್‌ನಲ್ಲಿ ಪರದೆ ಹಂಚುವುದು ಒಂದು, ಚಿತ್ರಗಳನ್ನೇ ವೆಬ್ ಲಿಂಕ್ ಮೂಲಕ ಕಳಿಸುವುದು ಇನ್ನೊಂದು. ಕ್ಯಾಪ್ಚರ್ ಒನ್ ಎಂಬ ಫೋಟೊ ಸಾಫ್ಟ್‌ವೇರ್‌ನ 'ಲೈವ್' ಸೌಲಭ್ಯ ಎರಡನೆಯ ಬಗೆಯದು. ನೀವು ಬ್ರೌಸರ್‌ನಲ್ಲೇ ಚಿತ್ರ ನೋಡಿ ಸ್ಟಾರ್, ಬಣ್ಣದ ಗುರುತು, ಟಿಪ್ಪಣಿ ಹಾಕಬಹುದು.

ಎರಡೂ ಬೇಕು, ಆದರೆ ಕೆಲಸ ಬೇರೆ ಬೇರೆ. ವಿಡಿಯೊ ಕಾಲ್ ಇರುವುದು ಮಾತಿಗೆ, ಸೆಟ್‌ನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು. ಅದರಲ್ಲಿ ಕಾಣುವ ಚಿತ್ರ ನೋಡಿ ಒಪ್ಪಿಗೆ ಕೊಡಲೇಬೇಡಿ. ವಿಡಿಯೊ ಕುಗ್ಗಿಸುವಾಗ ಬಣ್ಣದ ವಿವರ ಮೊದಲು ಕಳೆದುಹೋಗುತ್ತದೆ. ಕಡುಗೆಂಪು ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಕಾಣುವ ಬದಲು ಮೆತ್ತಿದ ಹಾಗೆ ಕಾಣುತ್ತದೆ. ಅದನ್ನು ಕಂಡು 'ಫೋಕಸ್ ಇಲ್ಲ' ಎಂದು ಮತ್ತೆ ಮತ್ತೆ ತೆಗೆಸಿದರೆ ಹೊತ್ತು ಹಾಳು. ಫೋಕಸ್, ಬಣ್ಣ, ಗೀರು, ಧೂಳು ಎಲ್ಲವನ್ನೂ ಲಿಂಕ್‌ನಲ್ಲಿ ಬಂದ ಚಿತ್ರದಲ್ಲೇ ನೋಡಿ.

ಕಳಿಸುವುದು ಕಚ್ಚಾ ಫೈಲ್ ಅಲ್ಲ. 45 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ 50 ಎಂಬಿಯಷ್ಟಿದ್ದರೆ, 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್; 8 ಬಿಟ್ ಸೇರಿದರೆ ಒಂದು ಬೈಟ್) ಅಪ್‌ಲೋಡ್ ವೇಗದಲ್ಲಿ ಒಂದಕ್ಕೇ 40 ಸೆಕೆಂಡ್ ಬೇಕು. ಉದ್ದ ಬದಿ 2,000 ಪಿಕ್ಸೆಲ್ ಇರುವ ಜೆಪೆಗ್ ಸಾಮಾನ್ಯವಾಗಿ 1 ಎಂಬಿ ಆಸುಪಾಸಿನದು, ಸೆಕೆಂಡಿನೊಳಗೆ ದಾಟುತ್ತದೆ. ಬಟ್ಟೆಯ ಎಳೆಗಳ ಫೋಕಸ್ ಬಗ್ಗೆ ಅನುಮಾನ ಬಂದರೆ ಆ ಭಾಗವನ್ನಷ್ಟೇ ಕುಗ್ಗಿಸದೆ ನೂರಕ್ಕೆ ನೂರು ಗಾತ್ರದಲ್ಲಿ ಕತ್ತರಿಸಿ ಕಳಿಸಲು ಹೇಳಿ.

ಸ್ಟುಡಿಯೊ ಕಡೆಯವರಿಗೆ: ಟೆದರಿಂಗ್ ಲ್ಯಾಪ್‌ಟಾಪ್‌ನಲ್ಲೇ ವಿಡಿಯೊ ಕಾಲ್ ನಡೆಸಬೇಡಿ, ಎರಡೂ ನಿಧಾನವಾಗುತ್ತವೆ. ಕಾಲ್‌ಗೆ ಬೇರೆ ಫೋನ್ ಅಥವಾ ಟ್ಯಾಬ್ಲೆಟ್ ಸ್ಟ್ಯಾಂಡ್ ಮೇಲಿಡಿ. ಇಂಟರ್ನೆಟ್ ವೈಫೈಗಿಂತ ತಂತಿಯಲ್ಲೇ ಇರಲಿ. ಸಾದಾ ಯುಎಸ್‌ಬಿ ಕೇಬಲ್ 3ರಿಂದ 5 ಮೀಟರ್ ದಾಟಿದರೆ ಸಂಪರ್ಕ ಕಡಿಯತೊಡಗುತ್ತದೆ, ಅದಕ್ಕೂ ಉದ್ದ ಬೇಕಿದ್ದರೆ ಸಿಗ್ನಲ್‌ಗೆ ಬಲ ತುಂಬುವ ಚಿಪ್ ಇರುವ ಆ್ಯಕ್ಟಿವ್ ಕೇಬಲ್ ಬಳಸಿ. ಕೇಬಲ್ ಅನ್ನು ಟ್ರೈಪಾಡ್‌ಗೆ ಕಟ್ಟಿ. ಯಾರಾದರೂ ಎಡವಿದರೆ ಕೇಬಲ್ಲಿನ ಜತೆ ಕ್ಯಾಮೆರಾ ಸಾಕೆಟ್ ಕೂಡ ಕಿತ್ತುಬರಬಾರದು.

ನಿಮ್ಮ ಪರದೆ ಸುಳ್ಳು ಹೇಳುತ್ತಿಲ್ಲವೇ?

ಕಣ್ಣಿಗೆ ಹಿತವೆಂದು ಹಾಕಿಕೊಂಡ ನೈಟ್ ಮೋಡ್, ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಸೌಲಭ್ಯ, ತಾನಾಗಿ ಏರಿಳಿಯುವ ಹೊಳಪು ಇವೆಲ್ಲವನ್ನೂ ಆಫ್ ಮಾಡಿ. ಕಿಟಕಿಯ ಬಿಸಿಲು ನೇರ ಪರದೆಗೆ ಬೀಳದಿರಲಿ.

ನಂತರ ಸ್ಟುಡಿಯೊದವರು ಪ್ರತಿ ಲೈಟಿಂಗ್‌ನ ಮೊದಲ ಫ್ರೇಮಿನಲ್ಲಿ 24 ಚೌಕಗಳ ಕಲರ್ ಚಾರ್ಟ್ ತೆಗೆದು ಕಳಿಸಲಿ. ಕೆಳಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ 6 ಚೌಕಗಳಿರುತ್ತವೆ. ಆರೂ ಬೇರೆ ಬೇರೆಯಾಗಿ ಕಾಣಬೇಕು, ಬೂದು ಬಣ್ಣ ಬೂದಾಗಿಯೇ ಇರಬೇಕು. ಕೊನೆಯ ಎರಡು ಒಂದಾಗಿ ಕಂಡರೆ ನಿಮ್ಮ ಪರದೆಯ ಹೊಳಪು ಸಾಲದು. ಸ್ಟುಡಿಯೊದ ಪರದೆಯಲ್ಲಿ ಸರಿಯಿದ್ದು ನಿಮಗೆ ಮಾತ್ರ ಬೂದು ಹಳದಿಗೆ ತಿರುಗಿದ್ದರೆ ದೋಷ ನಿಮ್ಮ ಪರದೆಯದು, 'ಬಣ್ಣ ತಣ್ಣಗೆ ಮಾಡಿ' (ನೀಲಿಯ ಕಡೆ ತಿರುಗಿಸಿ) ಎಂದು ಫೋಟೊಗ್ರಾಫರ್‌ಗೆ ಹೇಳಬೇಡಿ. ಬಟ್ಟೆ, ಬಣ್ಣ, ಸೌಂದರ್ಯವರ್ಧಕಗಳಂಥ ಕೆಲಸದಲ್ಲಿ ಒಪ್ಪಿಗೆ ಕೊಡುವವರ ಮಾನಿಟರ್ ಕ್ಯಾಲಿಬ್ರೇಟ್ ಆಗಿರಲೇಬೇಕು, ಅಂದರೆ ಬಣ್ಣ ಸರಿಯಾಗಿ ತೋರುವಂತೆ ಅಳೆದು ಹೊಂದಿಸಿರಬೇಕು. ಇದರಲ್ಲಿ ರಿಯಾಯಿತಿ ಬೇಡ.

ಶೂಟ್ ನಡೆಯುವಾಗ

ಹಿಂದಿನ ದಿನವೇ ಅರ್ಧ ಗಂಟೆ ಪರೀಕ್ಷೆ ಮಾಡಿಕೊಳ್ಳಿ: ಲಿಂಕ್ ತೆರೆಯುತ್ತದೆಯೇ, ಕಚೇರಿಯ ಫೈರ್‌ವಾಲ್ ತಡೆಯುತ್ತದೆಯೇ, ದನಿ ಪ್ರತಿಧ್ವನಿಸುತ್ತದೆಯೇ. ಒಂದೇ ಕೋಣೆಯಲ್ಲಿ ಎರಡು ಮೈಕ್ ತೆರೆದಿದ್ದರೆ ಪ್ರತಿಧ್ವನಿ ಖಚಿತ.

ಪ್ರತಿ ಕ್ಲಿಕ್ಕಿಗೂ ಮಾತಾಡಬೇಡಿ. ಕಾಲ್ ಸದಾ ತೆರೆದಿರಬೇಕಿಲ್ಲ, ಒಂದು ಸೆಟ್‌ನ ಹದ ಸಿಕ್ಕ ಮೇಲೆ ಫೋಟೊಗ್ರಾಫರ್ ಕರೆದರೆ ಸಾಕು. ಹೇಳುವಾಗ ಫೈಲ್ ಸಂಖ್ಯೆ ಹೇಳಿ. 'ಈಗಿನದು ಚೆನ್ನಾಗಿದೆ' ಎನ್ನುವಷ್ಟರಲ್ಲಿ ಸೆಟ್‌ನಲ್ಲಿ ಇನ್ನೂ ನಾಲ್ಕು ಫ್ರೇಮ್ ಆಗಿರುತ್ತವೆ. ಎಡ, ಬಲ ಎಂದರೂ ಗೊಂದಲವೇ. ಮಾಡೆಲ್‌ನ ಎಡವೋ, ಚಿತ್ರದ ಎಡವೋ? 'ಚಿತ್ರದ ಎಡಕ್ಕೆ' ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಹಸಿರು ಒಪ್ಪಿಗೆ, ಹಳದಿ ತಿದ್ದುಪಡಿ, ಕೆಂಪು ಬೇಡ ಎಂಬ ಗುರುತು ಸಾಕು.

ನೆಟ್ ಕೈಕೊಟ್ಟರೆ ಶೂಟ್ ನಿಲ್ಲಬಾರದು. ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಅದೂ ಹೋದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಫೋಟೊಗ್ರಾಫರ್ ತಾವೇ ಏನನ್ನು ನಿರ್ಧರಿಸಬಹುದು ಎಂಬುದು ಮುಂಚೆಯೇ ಬರವಣಿಗೆಯಲ್ಲಿರಲಿ.

ಪಟ್ಟಿಯ ಪ್ರತಿ ಸಾಲಿನ ಮುಂದೆ ಒಪ್ಪಿದ ಫೈಲ್ ಸಂಖ್ಯೆ ಬಂತೇ ಎಂದು ನೋಡಿ, ಆಮೇಲಷ್ಟೇ ಸೆಟ್ ಬಿಚ್ಚಲು ಹೇಳಿ. ಮಾರುಕಟ್ಟೆಗೆ ಇನ್ನೂ ಬಾರದ ಉತ್ಪನ್ನವಾದರೆ ಲಿಂಕ್‌ಗೆ ಪಾಸ್‌ವರ್ಡ್ ಇರಲಿ, ಕೆಲಸ ಮುಗಿದ ದಿನವೇ ಆ ಲಿಂಕ್ ಮುಚ್ಚಿಸಿ.