ಅಪಲೇಶಿಯಾದ ಜಾಕ್ ಕಥೆಗಳು: ದಾಖಲಿಸುವುದು, ಬರೆಯುವುದು, ಕಾಪಿಡುವುದು

ಜಾಕ್ ಎಂಬ ಹುಡುಗನ ಸಾಹಸಗಳನ್ನು ಹೇಳುವ ಜನಪದ ಕಥೆಗಳೇ ಜಾಕ್ ಕಥೆಗಳು. ಪೂರ್ವ ಅಮೆರಿಕದ ಬೆಟ್ಟಸೀಮೆಯಾದ ಅಪಲೇಶಿಯಾದಲ್ಲಿ, ನಾರ್ತ್ ಕ್ಯಾರೊಲೈನಾದ ಬೀಚ್ ಮೌಂಟನ್ ಸುತ್ತಲಿನ ಹಿಕ್ಸ್, ಹಾರ್ಮನ್ ಮನೆತನಗಳಲ್ಲಿ ಬಾಯಿಂದ ಬಾಯಿಗೆ ಬಂದ ಇವು ಕೆಲಸದ ಜೊತೆಗೇ ಬೆಳೆದವು. ಚಳಿಗಾಲಕ್ಕೆ ಒಣಗಿಸಲು ಬೀನ್ಸ್ ಕಾಯನ್ನು ದಾರಕ್ಕೆ ಪೋಣಿಸುವಾಗ ಮಕ್ಕಳು ಎದ್ದು ಓಡದಿರಲೆಂದು ಹಿರಿಯರು ಕಥೆ ತೆಗೆಯುತ್ತಿದ್ದರು. ಹಾಗಾಗಿ "ಒಂದು ಕಥೆ ಹೇಳಿ" ಎಂದು ಮೈಕ್ ಮುಂದೆ ಹಿಡಿದರೆ ಬರೀ ಸಾರಾಂಶ ಸಿಗುತ್ತದೆ. ಮೊದಲ ಭೇಟಿಗೆ ರೆಕಾರ್ಡರ್ ಬೇಡವೇ ಬೇಡ. ಈ ಕಥೆ ಯಾರ ಬಾಯಲ್ಲಿ ಕೇಳಿದ್ದು, ಯಾವ ಹೊತ್ತಿನಲ್ಲಿ, ಆಗ ಕೈಯಲ್ಲಿ ಏನು ಕೆಲಸವಿತ್ತು ಎಂದಷ್ಟೇ ವಿಚಾರಿಸಿ ಬನ್ನಿ. ಎರಡನೆಯ ಸಲ ಅದೇ ಹೊತ್ತಿಗೆ ಹೋಗಿ, ಮನೆಯ ಒಂದೆರಡು ಮಕ್ಕಳೂ ಎದುರಿಗಿರಲಿ. ಕೇಳುವವರಿಲ್ಲದೆ ಕಥೆ ಕಳೆಗಟ್ಟುವುದಿಲ್ಲ.

ಒಪ್ಪಿಗೆ ಪತ್ರ ಮೊದಲೇ ಆಗಿಬಿಡಲಿ. ಸಂಗ್ರಹಾಲಯದಲ್ಲಿ ಇಡಲು, ಪುಸ್ತಕದಲ್ಲಿ ಅಚ್ಚು ಹಾಕಲು, ಅಂತರ್ಜಾಲಕ್ಕೆ ಏರಿಸಲು, ಹೆಸರು ಬಳಸಲು: ಈ ನಾಲ್ಕಕ್ಕೂ ಬೇರೆಬೇರೆ ಕಡೆ ಗುರುತು ಹಾಕಿಸಿ. ಒಂದೇ ಸಹಿಯಲ್ಲಿ ಎಲ್ಲವನ್ನೂ ಮುಗಿಸಿದರೆ ಮುಂದೆ ಮನಸ್ತಾಪ ತಪ್ಪಿದ್ದಲ್ಲ.

ಧ್ವನಿಮುದ್ರಣವನ್ನು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಿನಲ್ಲೇ ಮಾಡಿ; ಮೊನೊ ಆದರೆ ಗಂಟೆಗೆ ಸುಮಾರು 500 ಎಂಬಿ. ಮೇಜಿನ ಮೇಲಿಟ್ಟ ಮೈಕ್ ಪಾತ್ರೆಯ ಪ್ರತಿ ಕುಕ್ಕನ್ನೂ ಹಿಡಿಯುತ್ತದೆ. ಕಾಲರ್ ಮೈಕನ್ನು ಬಾಯಿಯಿಂದ 15-20 ಸೆಂ.ಮೀ. ಕೆಳಗೆ ಸಿಕ್ಕಿಸಿ. ಅತಿ ಜೋರಿನ ದನಿಯೂ ರೆಕಾರ್ಡರಿನ ಮಾಪಕದಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಪಿಸುಗುಡುತ್ತಿದ್ದ ಕಥೆಗಾರರು ರಾಕ್ಷಸ ಬಂದೊಡನೆ ಗುಡುಗುತ್ತಾರೆ. ಆಗ ದನಿ ಒಡೆದರೆ ಮತ್ತೆ ಸರಿಪಡಿಸಲಾಗದು. ರೆಕಾರ್ಡರ್ ತಾನೇ ಮಟ್ಟ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿ. ಅದು ಮೌನದಲ್ಲಿ ಕೋಣೆಯ ಗದ್ದಲವನ್ನು ಮೇಲೆತ್ತಿ, ರಾಕ್ಷಸ ಬರುವ ಮುಂಚಿನ ಆ ಮೌನವನ್ನೇ ಕೆಡಿಸುತ್ತದೆ. ಫ್ರಿಜ್ಜಿನ ಗುಂಯ್‌ಗಾಟ ತಪ್ಪಿಸಲು ಮನೆಯವರನ್ನು ಕೇಳಿ ಅದನ್ನು ಆರಿಸಿ, ನಿಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಟ್ಟುಬಿಡಿ. ಹೊರಡುವಾಗ ಮತ್ತೆ ಹಾಕಲು ಮರೆಯುವ ಪ್ರಶ್ನೆಯೇ ಇಲ್ಲ. ಕಥೆ ಮುಗಿದರೂ ರೆಕಾರ್ಡರ್ ಓಡುತ್ತಿರಲಿ. "ನಮ್ಮಜ್ಜ ಇದನ್ನು ಹೀಗೆ ಹೇಳ್ತಿರಲಿಲ್ಲ" ಎಂಬಂಥ ಮಾತು ಬರುವುದು ಆಗಲೇ.

ನಿಜವಾದ ದುಡಿಮೆ ಶುರುವಾಗುವುದು ಬರಹಕ್ಕಿಳಿಸುವಾಗ. ಒಂದು ಗಂಟೆಯ ಮಾತಿಗೆ ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಎರಡು ಗಂಟೆ ಕೂತರೆ ಹದಿನೈದು ನಿಮಿಷದ ದನಿ ಮುಗಿದೀತು. ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಕಿವಿ ತನಗೆ ಬೇಕಾದ್ದನ್ನೇ ಕೇಳತೊಡಗುತ್ತದೆ. ನಿಮ್ಮ ಸ್ವಂತ ಬರವಣಿಗೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎರಡರ ಧಾಟಿಯೂ ಕಲಸಿಹೋಗುತ್ತದೆ. ಯಂತ್ರದಿಂದ ಮಾಡಿಸಿದ ಕರಡನ್ನು ನಂಬಬೇಡಿ. ಬೆಟ್ಟದ ಹಿರಿಯರು 'ಇಟ್' ಎನ್ನುವಲ್ಲಿ ಹೇಳುವ 'ಹಿಟ್', 'ಎ-ಗೋಯಿಂಗ್' ಎಂಬಲ್ಲಿನ ಮೊದಲಕ್ಷರ 'ಎ', 'ಮೈಟ್ ಕುಡ್' ಎಂಬ ಸಹಾಯಕ ಕ್ರಿಯಾಪದಗಳ ಜೋಡಿ, ಇವನ್ನು ಅದು ಸದ್ದಿಲ್ಲದೆ ತಿದ್ದಿಬಿಡಬಹುದು. ಇವು ಆ ನುಡಿಯ ವ್ಯಾಕರಣ, ಉಳಿಯಲೇಬೇಕು. ಆದರೆ ಎಲ್ಲ ಅಮೆರಿಕನ್ನರೂ ಒಂದೇ ಥರ ಉಚ್ಚರಿಸುವ ಪದಗಳಿಗೆ ಬೇಕೆಂದೇ ವಕ್ರ ಕಾಗುಣಿತ ಕೊಡುವ ಚಾಳಿ ಬಿಡಿ; ಅದರಿಂದ ಹೇಳುವವರು ಪೆದ್ದರಂತೆ ಕಾಣುತ್ತಾರೆ, ಅಷ್ಟೆ. ಉಸಿರು ನಿಂತಲ್ಲಿ ಸಾಲು ಮುರಿಯಿರಿ, ದೀರ್ಘ ಮೌನಕ್ಕೆ ಒಂದು ಸಾಲು ಖಾಲಿ ಬಿಡಿ, ಕೈಸನ್ನೆ ಮತ್ತು ನಗುವನ್ನು ಕಂಸದಲ್ಲಿ ಹಾಕಿ. ಬೀಚ್ ಮೌಂಟನ್‌ನ ಕಥೆಗಾರ ರೇ ಹಿಕ್ಸ್‌ರಂಥವರು (1922-2003) ಜಾಕನ ಸಾಹಸದ ನಡುವೆ ತಮ್ಮ ಬಾಳಿನ ಮಾತನ್ನೂ ಬೆರೆಸುತ್ತಿದ್ದರು. ಅಂಥದ್ದನ್ನು ವಿಷಯಾಂತರವೆಂದು ಕತ್ತರಿಸಬೇಡಿ.

ಒಬ್ಬರ ಪಾಠಕ್ಕೆ, ಅಂದರೆ ಅವರು ಕಥೆ ಹೇಳಿದ ರೂಪಕ್ಕೆ, ಇನ್ನೊಬ್ಬರ ಪಾಠ ಬೆಸೆಯಲೇಬಾರದು. 1943ರಲ್ಲಿ ಜಾಕ್ ಕಥೆಗಳ ಪ್ರಸಿದ್ಧ ಸಂಕಲನ ತಂದ ರಿಚರ್ಡ್ ಚೇಸ್ ಹಲವರ ಹೇಳಿಕೆಗಳನ್ನು ಕೂಡಿಸಿ ತಿದ್ದಿದರು. ಕಥೆಗಳು ದೇಶವೆಲ್ಲ ಹರಡಿದವು, ಯಾರು ಯಾವ ಮಾತು ಆಡಿದ್ದರೆಂಬುದು ಮಾತ್ರ ಮಸುಕಾಯಿತು. ಇತ್ತ ನಾರ್ತ್ ಕ್ಯಾರೊಲೈನಾದ ಹಾಟ್ ಸ್ಪ್ರಿಂಗ್ಸ್‌ನ ಕಥೆಗಾರ್ತಿ ಜೇನ್ ಜೆಂಟ್ರಿ ಹೇಳಿದ್ದನ್ನು ಇಸಾಬೆಲ್ ಗಾರ್ಡನ್ ಕಾರ್ಟರ್ 1925ರಲ್ಲಿ ಜಾನಪದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಜೆಂಟ್ರಿಯವರ ಮಗಳು ಮಾಡ್ ಲಾಂಗ್ ಅವರ ದನಿಯನ್ನು ಲೈಬ್ರರಿ ಆಫ್ ಕಾಂಗ್ರೆಸ್ 1947ರಲ್ಲಿ ಮುದ್ರಿಸಿಕೊಂಡಿತು. ತಾಯಿ ಮಗಳ ಪಾಠಗಳನ್ನು ಇವತ್ತಿಗೂ ಅಕ್ಕಪಕ್ಕ ಇಟ್ಟು ನೋಡಬಹುದು. ನೀವು ಮರುಹೇಳಿಕೆ ಬರೆಯುವುದಾದರೆ ಅದಕ್ಕೆ ಬೇರೆ ಫೋಲ್ಡರ್, ಮೇಲೆ ನಿಮ್ಮ ಹೆಸರು, ಕೆಳಗೆ ಯಾರಿಂದ ಕೇಳಿದ್ದೆಂಬ ಒಂದು ಸಾಲು.

ಫೈಲಿನ ಹೆಸರಿನಲ್ಲಿ ತಾರೀಖು, ಕಥೆಗಾರರ ಮನೆತನ, ಊರು, ಕ್ರಮಸಂಖ್ಯೆ ಇರಲಿ. ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನಗಳಲ್ಲಿಡಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಈ ಬೆಟ್ಟಸೀಮೆಯಲ್ಲಿ ಬೇರೆ ಊರೆಂದರೆ ಬೇರೆ ನದಿಯ ಕಣಿವೆ ಎಂದೇ ತಿಳಿಯಿರಿ: 2022ರ ಜುಲೈ ಪ್ರವಾಹದಲ್ಲಿ ಕೆಂಟಕಿಯ ವೈಟ್ಸ್‌ಬರ್ಗ್‌ನ ಆ್ಯಪಲ್‌ಶಾಪ್ ಎಂಬ ಕಲೆ ಮತ್ತು ಮಾಧ್ಯಮ ಸಂಸ್ಥೆಯ ಸಂಗ್ರಹಕ್ಕೇ ನೀರು ನುಗ್ಗಿತ್ತು. ಶಾಶ್ವತ ನೆಲೆಗೆ ಜಾನ್ಸನ್ ಸಿಟಿಯಲ್ಲಿರುವ ಈಸ್ಟ್ ಟೆನೆಸ್ಸೀ ಸ್ಟೇಟ್ ವಿಶ್ವವಿದ್ಯಾಲಯದ ಅಪಲೇಶಿಯಾ ಸಂಗ್ರಹಾಲಯವನ್ನೋ ಕೆಂಟಕಿಯ ಬೆರಿಯಾ ಕಾಲೇಜನ್ನೋ ವಿಚಾರಿಸಿ. ಧ್ವನಿಮುದ್ರಣಕ್ಕೆ ಹೊರಡುವ ಮುಂಚೆಯೇ ಅವರ ಒಪ್ಪಿಗೆ ಪತ್ರದ ನಮೂನೆ ತರಿಸಿಕೊಂಡರೆ ಎರಡೆರಡು ಸಹಿಯ ರಗಳೆ ಇರುವುದಿಲ್ಲ.

ಮನೆಯವರಿಗೆ ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಕಣಿವೆಗಳಲ್ಲಿ ನೆಟ್‌ವರ್ಕ್ ಎಷ್ಟೋ ಕಡೆ ಸಿಗುವುದೇ ಇಲ್ಲ. ದನಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಬರಹವನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಪಕ್ಕದಲ್ಲಿ ಅಗಲವಾಗಿ ಜಾಗ ಬಿಟ್ಟು ಕೊಡಿ. ಅವರು ಗುರುತಿಸಿದ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ತಾರೀಖಿನ ಸಮೇತ ಸೇರಿಸಿ. ಮೂಲ ಧ್ವನಿಗೆ ಮಾತ್ರ ಕೈಹಚ್ಚಬೇಡಿ.