ನನ್ನ ಅನುಭವ: ಪಿಎಂಆರ್‌ಗೆ ತೂಕ ನೋಡಿ ಸ್ಟೆರಾಯ್ಡ್

ಜಪಾನಿನ ಶಿಮಾನೆ ಪ್ರಾಂತ್ಯದ ಸಣ್ಣ ಆಸ್ಪತ್ರೆ ನಮ್ಮದು. ನನ್ನ ಪಿಎಂಆರ್ (ಪಾಲಿಮಯಾಲ್ಜಿಯಾ ರುಮಾಟಿಕಾ, ವಯಸ್ಸಾದವರ ಭುಜ, ಸೊಂಟದಲ್ಲಿ ನೋವು ಮತ್ತು ಬಿಗಿತ ತರುವ ಉರಿಯೂತ) ರೋಗಿಗಳು ಬಹುತೇಕ ಎಪ್ಪತ್ತೈದು ದಾಟಿದ ಹೆಂಗಸರು, ತೂಕ 40–45 ಕೆಜಿ. ಇವರಿಗೆಲ್ಲ ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ ಕೊಡುವುದು ಇಲ್ಲಿನ ರೂಢಿ. ನಾನು 12.5ರಲ್ಲಿ ಶುರು ಮಾಡುತ್ತೇನೆ ಅಂದಾಗ, 'ಎರಡೇ ವಾರಕ್ಕೆ ವಾಪಸ್ ಬರ್ತಾರೆ ನೋಡಿ' ಅಂದರು ಹಿರಿಯರು. ಬರಲಿಲ್ಲ. ಈಗ ಅವರೇ ತಮ್ಮ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಧೈರ್ಯ ಕೊಟ್ಟಿದ್ದು 2011ರ ಇಟಲಿಯ ಅಧ್ಯಯನ. 12.5ರಲ್ಲೇ ಸುಮಾರು ಮುಕ್ಕಾಲು ಪಾಲು ಜನ ಸುಧಾರಿಸಿದ್ದರು, ಅದರಲ್ಲೂ ತೂಕ ಕಡಿಮೆ ಇದ್ದವರು. ಇಲ್ಲಿ ಎಲ್ಲರೂ ಹಗುರ ಅಲ್ವಾ? ಅರವತ್ತು ಕೆಜಿ ದಾಟಿದವರಿಗೆ ಮಾತ್ರ 15 ಕೊಡುತ್ತೇನೆ.

ನನ್ನ ಬಳಿ ಬರುವ ಹೊತ್ತಿಗೆ ಎಷ್ಟೋ ಜನ ಭುಜ ಹಿಡಿದಿದೆ ಅಂತ ನಂಬಿ, ನೋವಿನ ಪಟ್ಟಿ ಅಂಟಿಸಿಕೊಂಡು ತಿಂಗಳುಗಳನ್ನು ಕಳೆದಿರುತ್ತಾರೆ. ನೆಲದ ಹಾಸಿಗೆಯಿಂದ ಏಳೋಕೆ ಎಷ್ಟು ಹೊತ್ತು ಬೇಕು, ಬಟ್ಟೆ ಒಣಹಾಕುವ ಕೋಲಿಗೆ ಕೈ ಎಟುಕುತ್ತಾ, ಇವೆರಡನ್ನು ಮೊದಲು ಕೇಳುತ್ತೇನೆ. ಆಮೇಲೆ ಅಲ್ಟ್ರಾಸೌಂಡ್. ಇಲ್ಲಿನ ವಿಮೆಯ ದರಪಟ್ಟಿಯಲ್ಲಿ ಅದಕ್ಕೆ 350 ಪಾಯಿಂಟ್, ಅಂದರೆ 3500 ಯೆನ್. ಖರ್ಚಿನ ಹತ್ತು ಪರ್ಸೆಂಟ್ ಮಾತ್ರ ತಾವು ಕಟ್ಟುವವರ ಕೈಯಿಂದ ಹೋಗುವುದು 350 ಯೆನ್. ಪಿಎಂಆರ್ ಜೊತೆ ಬರಬಹುದಾದ, ತಲೆಯ ರಕ್ತನಾಳಗಳು ಊದುವ ಜೈಂಟ್ ಸೆಲ್ ಆರ್ಟರೈಟಿಸ್ ಇಲ್ಲಿ ಯುರೋಪಿಗಿಂತ ಬಹಳ ಅಪರೂಪ. ಆದರೂ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣಿನ ತೊಂದರೆ ಪ್ರತಿ ಸಲ ಕೇಳುತ್ತೇನೆ. ಅದಿದ್ದರೆ ಈ ಡೋಸ್ ಸಾಲುವುದಿಲ್ಲ.

ಕೈಕೊಟ್ಟಿದ್ದು ಡೋಸ್ ಇಳಿಕೆ. 2015ರ ಅಂತರರಾಷ್ಟ್ರೀಯ ಶಿಫಾರಸಿನಂತೆ 4–8 ವಾರದಲ್ಲಿ 10ಕ್ಕೆ ಬಂದು, ಆಮೇಲೆ ನಾಲ್ಕು ವಾರಕ್ಕೊಮ್ಮೆ 1 ಮಿಲಿಗ್ರಾಂ ಕಡಿಮೆ ಮಾಡುತ್ತಿದ್ದೆ. ಐದರವರೆಗೆ ಸಲೀಸು. ಐದರ ಕೆಳಗೆ ಸುಮಾರು ಮೂರರಲ್ಲಿ ಒಬ್ಬರಿಗೆ ನೋವು ಮರಳುತ್ತಿತ್ತು. ಸ್ಟೆರಾಯ್ಡ್ ಇಳಿಸಲು ನೆರವಾಗುವ ಮೆಥೊಟ್ರೆಕ್ಸೇಟ್ ಔಷಧಿಯನ್ನು ವಾರಕ್ಕೆ 6 ಮಿಲಿಗ್ರಾಂ ಸೇರಿಸಿ ನೋಡಿದೆ. ಪಿಎಂಆರ್‌ಗೆ ಅದಕ್ಕೆ ಒಪ್ಪಿಗೆ ಇಲ್ಲದ್ದರಿಂದ ವಿಮೆಯವರು ಬಿಲ್ ಕತ್ತರಿಸಿದರು, ನಷ್ಟ ಆಸ್ಪತ್ರೆಯ ಮೇಲೆ ಬಿತ್ತು. ನಸುಕಿನಲ್ಲಿ ಬಚ್ಚಲಿಗೆ ಎದ್ದಾಗ ಮಾತ್ರೆ ನುಂಗಿಸಿಯೂ ನೋಡಿದೆ. ಬೆಳಗಿನ ಬಿಗಿತ ಕಡಿಮೆಯಾಯಿತು, ನಿದ್ದೆ ಹಾಳಾಯಿತು. ಕೈಬಿಟ್ಟೆ.

ಕೊನೆಗೆ ಗೆದ್ದಿದ್ದು ತಾಳ್ಮೆ. ಐದರ ಕೆಳಗೆ ಎಂಟು ವಾರಕ್ಕೊಮ್ಮೆ ಅರ್ಧ ಮಿಲಿಗ್ರಾಂ ಮಾತ್ರ. ಒಂದರ ಮಾತ್ರೆಯನ್ನೇ ಅರ್ಧ ಮಾಡಿಸುತ್ತೇನೆ. ನೋವಿಲ್ಲದೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಮಾತ್ರ ಸ್ವಲ್ಪ ಏರಿದರೆ ಡೋಸ್ ಮುಟ್ಟುವುದಿಲ್ಲ, ಸೋಂಕು ಹುಡುಕುತ್ತೇನೆ. ಒಟ್ಟು ಎರಡು ವರ್ಷ ದಾಟುತ್ತದೆ, ನಿಜ. ಆದರೆ 5 ಮಿಲಿಗ್ರಾಂ ಮಾತ್ರೆಗೆ ಹತ್ತು ಯೆನ್ ಆಸುಪಾಸು. ಒಂದು ಸೊಂಟ ಮುರಿದರೆ ಆಗುವ ಖರ್ಚು ಲೆಕ್ಕ ಹಾಕಿ. ಸ್ಟೆರಾಯ್ಡ್ ಮೂಳೆಯನ್ನು ದುರ್ಬಲ ಮಾಡುತ್ತದೆ, ಅದಕ್ಕೇ ಮೂಳೆ ಕಾಯುವ ಮಾತ್ರೆ ಮೊದಲ ದಿನದಿಂದಲೇ.

ಸ್ಟೆರಾಯ್ಡ್ ಒಳಗೆ ಅಡಗಿದ ಸೋಂಕನ್ನು ಕೆರಳಿಸಬಹುದು. ಹಾಗಾಗಿ ಶುರು ಮಾಡುವ ಮುಂಚೆ ಹೆಪಟೈಟಿಸ್ ಬಿ ಆ್ಯಂಟಿಜನ್ ಜೊತೆ, ಹಳೆಯ ಸೋಂಕಿನ ಗುರುತಾದ ಕೋರ್ ಆ್ಯಂಟಿಬಾಡಿಯನ್ನೂ ನೋಡಿ. ದಕ್ಷಿಣದ ಒಕಿನಾವಾ ದ್ವೀಪಗಳಲ್ಲಿ ಬೆಳೆದವರಾದರೆ ಸ್ಟ್ರಾಂಗೈಲಾಯ್ಡಿಸ್ ಅನ್ನುವ ಕರುಳಿನ ಹುಳುವನ್ನೂ. ಎರಡು ವಾರಕ್ಕೂ ಸುಧಾರಿಸದಿದ್ದರೆ ಒಮ್ಮೆ 15ಕ್ಕೆ ಏರಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಡೋಸ್ ಬಿಟ್ಟು ರೋಗವನ್ನೇ ಮತ್ತೆ ಹುಡುಕುತ್ತೇನೆ. ಮಣಿಕಟ್ಟು ಊದಿದ್ದರಂತೂ ಅದು ವಯಸ್ಸಾದ ಮೇಲೆ ಬಂದ ರುಮಟಾಯ್ಡ್ ಸಂಧಿವಾತ ಇರಬಹುದು.