ಕನ್ವೇಯರ್‌ಗೆ ರೋಲರ್ ಚೈನ್ ಆರಿಸಿದ ಲೆಕ್ಕ

ಮೋಟಾರ್ 1.5 ಕಿಲೋವ್ಯಾಟ್. ಗೇರ್‌ಬಾಕ್ಸಿನ ಹೊರ ಶಾಫ್ಟ್ ನಿಮಿಷಕ್ಕೆ 60 ಸುತ್ತು, ಕನ್ವೇಯರ್ ಶಾಫ್ಟ್‌ಗೆ ಬೇಕಾದ್ದು 30. ಲೋಡ್ ಆಗಾಗ ಜಗ್ಗುತ್ತದೆ, ಹಾಗಾಗಿ ಸರ್ವಿಸ್ ಫ್ಯಾಕ್ಟರ್ (ಜಗ್ಗಾಟಕ್ಕಾಗಿ ಮೋಟಾರ್ ಶಕ್ತಿಯನ್ನು ಗುಣಿಸುವ ಸಂಖ್ಯೆ) 1.4 ಹಿಡಿದೆ. ಲೆಕ್ಕಕ್ಕೆ ಬಂದದ್ದು 2.1 ಕಿಲೋವ್ಯಾಟ್.

ಮೊದಲು 12ಬಿ ಎಂಬ ಗಾತ್ರದ ಚೈನ್ (ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅಂತರ, 19.05 ಮಿ.ಮೀ.), ಗೇರ್‌ಬಾಕ್ಸ್ ಶಾಫ್ಟ್‌ಗೆ 19 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಇಟ್ಟು ನೋಡಿದೆ. ಹಲ್ಲು, ಪಿಚ್, ಸುತ್ತು ಮೂರನ್ನೂ ಗುಣಿಸಿ 60,000ದಿಂದ ಭಾಗಿಸಿದರೆ ಚೈನಿನ ವೇಗ ಸೆಕೆಂಡಿಗೆ 0.36 ಮೀಟರ್. 2,100 ವ್ಯಾಟನ್ನು ಆ ವೇಗದಿಂದ ಭಾಗಿಸಿದರೆ ಎಳೆತ ಸುಮಾರು 5,800 ನ್ಯೂಟನ್. 12ಬಿ ಹರಿಯುವುದು 28.9 ಕಿಲೋನ್ಯೂಟನ್‌ಗೆ, ಅಂದರೆ ಐದು ಪಟ್ಟು. ಇಷ್ಟು ಸಾಕು ಅನ್ನಿಸಿಬಿಡುತ್ತದೆ, ಆದರೆ ಸಾಲದು. ಚೈನ್ ಒಮ್ಮೆಲೇ ಹರಿಯುವುದು ಅಪರೂಪ. ಪಿನ್ನು, ಅದರ ಸುತ್ತಲಿನ ಕೊಳವೆಯಾದ ಬುಷ್ಷು ಸವೆದು ಉದ್ದವಾಗಿಯೇ ಅದು ಕೆಡುವುದು. ಆದ್ದರಿಂದ ಪಿನ್ ಮೇಲಿನ ಒತ್ತಡ ನೋಡಲೇಬೇಕು. 12ಬಿಯ ಬೇರಿಂಗ್ ವಿಸ್ತೀರ್ಣ (ಪಿನ್ನು ಬುಷ್ಷಿನ ಮೇಲೆ ಒತ್ತುವ ಜಾಗ) 89 ಚದರ ಮಿ.ಮೀ., ಒತ್ತಡ ಚದರ ಮಿ.ಮೀ.ಗೆ 65 ನ್ಯೂಟನ್. ತೀರಾ ಹೆಚ್ಚು.

25.4 ಮಿ.ಮೀ. ಪಿಚ್ಚಿನ 16ಬಿಗೆ ಹೋದರೆ, ಅದೇ 19 ಹಲ್ಲಿಗೆ ಎಳೆತ 4,350ಕ್ಕೆ ಇಳಿಯುತ್ತದೆ, ವಿಸ್ತೀರ್ಣ 210ಕ್ಕೆ ಏರುತ್ತದೆ. ಒತ್ತಡ ಬರೀ 21. ಪಿಚ್ ಹೆಚ್ಚಿದ್ದು ಮೂರನೇ ಒಂದು ಭಾಗ, ಒತ್ತಡ ಇಳಿದದ್ದು ಮೂರನೇ ಒಂದು ಭಾಗಕ್ಕೆ! 16ಬಿಯನ್ನೇ ಆರಿಸಿದೆ.

ಜಾಗ ಉಳಿಸಲು 13 ಹಲ್ಲು ಹಾಕುವ ಆಸೆ ಬರುತ್ತದೆ. ಬೇಡ. ಫ್ಯಾಕ್ಟರ್ ಬಿಟ್ಟು ಲೆಕ್ಕ ಹಾಕಿದರೂ ಎಳೆತ 3.1ರಿಂದ 4.5 ಕಿಲೋನ್ಯೂಟನ್‌ಗೆ ಏರಿ, ಅಷ್ಟೂ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಕೂರುತ್ತದೆ. ಗೇರ್‌ಬಾಕ್ಸ್ ಕ್ಯಾಟಲಾಗಿನಲ್ಲಿ ಶಾಫ್ಟ್ ತಡೆಯುವ ಅಡ್ಡ ಲೋಡ್ ಎಷ್ಟೆಂದು ನೋಡಿಯೇ ಹಲ್ಲು ತೀರ್ಮಾನಿಸಬೇಕು. ತುಂಬಾ ಜನ ಮರೆಯುವುದು ಇದನ್ನೇ.

ವೇಗ ಅರ್ಧಕ್ಕೆ ಇಳಿಯಬೇಕಾದ್ದರಿಂದ ಕನ್ವೇಯರ್ ಶಾಫ್ಟಿನ ದೊಡ್ಡ ಸ್ಪ್ರಾಕೆಟ್ 38 ಹಲ್ಲು. ಶಾಫ್ಟ್‌ಗಳ ನಡುವೆ 900 ಮಿ.ಮೀ. ಇಟ್ಟರೆ 99.6 ಲಿಂಕ್ ಬಂತು, 100 ಮಾಡಿದೆ. ಬೆಸ ಸಂಖ್ಯೆಯಾದರೆ ತುದಿಗಳನ್ನು ಸೇರಿಸಲು ಆಫ್‌ಸೆಟ್ ಲಿಂಕ್ (ಬಾಗಿದ ಪ್ಲೇಟುಗಳ ಕೊಂಡಿ) ಹಾಕಬೇಕಾಗುತ್ತದೆ, ಇಡೀ ಚೈನಿನಲ್ಲಿ ದುರ್ಬಲವಾದದ್ದು ಅದೇ. 100 ಲಿಂಕಿಗೆ ಅಂತರ 905 ಮಿ.ಮೀ. ಆಗುತ್ತದೆ, ಮುಂದೆ ಬಿಗಿ ಮಾಡಲು ಮೋಟಾರ್ ಬೇಸಿಗೆ ಉದ್ದ ಸ್ಲಾಟ್ ಕೊಟ್ಟೆ. ಸಡಿಲ ಬದಿ ಕೆಳಗಿರಲಿ, ನಡುವೆ ಸುಮಾರು 18 ಮಿ.ಮೀ. ಆಡಲಿ. ತಂತಿಯಂತೆ ಬಿಗಿದರೆ ಪಿನ್ನೂ ಬೇರಿಂಗೂ ಒಟ್ಟಿಗೆ ಸವೆಯುತ್ತವೆ.

ಗಟ್ಟಿ ಗ್ರೀಸ್ ಬಳಿದರೆ ಹೊರಗೇ ಉಳಿಯುತ್ತದೆ, ಪಿನ್ನಿಗೆ ಇಳಿಯುವುದಿಲ್ಲ. ಸಡಿಲ ಬದಿಯಲ್ಲಿ, ಪ್ಲೇಟುಗಳ ಸಂದಿಗೆ ಎಣ್ಣೆ ಹಾಕಬೇಕು. ಕೀಲುಗಳಲ್ಲಿ ಕೆಂಪು ಪುಡಿ ಕಂಡರೆ ಒಳಗೆ ಎಣ್ಣೆ ಇಲ್ಲವೆಂದೇ ಅರ್ಥ.

ಹೊಸ ಚೈನಿನಲ್ಲಿ 20 ಪಿಚ್ ಅಳೆದರೆ 508 ಮಿ.ಮೀ. ಅದು 518 ಆದಾಗ ಬದಲಿಸುತ್ತೇನೆ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಸ್ಪ್ರಾಕೆಟ್ಟನ್ನೂ ಬದಲಿಸಬೇಕು, ಇಲ್ಲವಾದರೆ ಹೊಸ ಚೈನೂ ಬೇಗ ಹಾಳಾಗುತ್ತದೆ.